ಸವಾಲು ಬರೆದುಕೊಂಡ ಹಾಳೆ

ಠಾಣೆಯ ಮೇಜಿನ ಮೇಲಿದ್ದ ಅಕ್ಷರ ನನ್ನದೆಂದು ಬಾಗಿಲಲ್ಲಿ ನಿಂತಾಗಲೇ ಗೊತ್ತಾಯಿತು. ಎಡಕ್ಕೆ ಅಂಚು ಬಿಟ್ಟು ನೀಲಿ ಮಸಿಯಲ್ಲಿ ಬರೆದ ಒಂದು ಹಾಳೆ. ಗಾಳಿಗೆ ಹಾರದಿರಲೆಂದು ಅದರ ಮೇಲೆ ಚಹಾ ಕುಡಿದ ಬಸಿಯೊಂದನ್ನು ಇಟ್ಟಿದ್ದರು. ನಾಲ್ಕು ಸಾಲಿನ ಪದ. ಅದರ ಕೆಳಗೆ ಹಾಡಿದವನ ಹೆಸರು, ಅವನ ಅಪ್ಪನ ಹೆಸರು, ವಯಸ್ಸು, ಕಸಬು, ಊರು, ಹಾಡಿದ ದಿನ, ಹಾಡಿದ ಜಾಗ. ಒಬ್ಬ ಮನುಷ್ಯನನ್ನು ಹಿಡಿದು ತರಲು ಏನೇನು ಬೇಕೋ ಅದೆಲ್ಲ ಅಲ್ಲಿತ್ತು. ಯಾರೂ ಕೇಳದೆ ನಾನೇ ಬರೆದಿದ್ದೆ.

ಆಗ ನಾನು ಅಣ್ಣಿಗೇರಿ ಮತ್ತು ಮೊರಬದ ನಡುವಿನ ಎರೆಹೊಲದ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲ. ಸರಕಾರಿ ನೌಕರರು ಬಸ್ಸಿನಲ್ಲಿಯೂ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ನನಗೆ ಹಳ್ಳಿಯ ಪದಗಳನ್ನು ಕೂಡಿಸುವ ಹುಚ್ಚು. ಓದುವಾಗ ಧಾರವಾಡದಲ್ಲಿ ಹಿರಿಯರೊಬ್ಬರು ಇದರ ಕ್ರಮವನ್ನು ಕಲಿಸಿದ್ದರು. ಕೇಳಿದ ಹಾಗೆಯೇ ಬರೆಯಬೇಕು, ತಿದ್ದಬಾರದು, ಹಾಡಿದವರ ಪೂರ್ತಿ ವಿವರ ಕೆಳಗೆ ಇರಲೇಬೇಕು. ಹೆಸರಿಲ್ಲದ ಪದವನ್ನು ಯಾರೂ ನಂಬುವುದಿಲ್ಲ ಎಂದಿದ್ದರು. ನಾನು ಆ ಕ್ರಮವನ್ನು ಒಂದು ಸಲವೂ ತಪ್ಪಿಸಿರಲಿಲ್ಲ.

ಆ ಊರಿನಲ್ಲಿ ಮೊಹರಂ ಹಬ್ಬಕ್ಕೆ ಅಲಾವಿ ಎನ್ನುತ್ತಿದ್ದರು. ಮಸೀದಿಯ ಮುಂದೆ ಬೆಂಕಿಯ ಕುಣಿ ತೋಡುವವರು ಲಿಂಗವಂತರು, ಕೋಲಿನ ತುದಿಯ ಲೋಹದ ಹಸ್ತವಾದ ದೇವರ ಪಂಜಾ ಹೊರುವವರಲ್ಲಿ ಎಲ್ಲ ಜಾತಿಯವರೂ ಇದ್ದರು. ಕೊನೆಯ ದಿನ ಮಧ್ಯಾಹ್ನ, ಪಂಜಾಗಳು ಹಳ್ಳಕ್ಕೆ ಹೊರಡುವ ಮೊದಲು, ಬೇವಿನ ಮರದ ಕೆಳಗೆ ಎರಡು ಮೇಳದವರು ಎದುರು ಬದುರು ನಿಂತು ಸವಾಲು–ಜವಾಬಿನ ಪದ ಹಾಡುತ್ತಿದ್ದರು. ಒಂದು ವರ್ಷ ಹಾಕಿದ ಸವಾಲಿಗೆ ಮುಂದಿನ ವರ್ಷವೇ ಜವಾಬು. ನಡುವೆ ಹನ್ನೆರಡು ತಿಂಗಳು ಊರು ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗುತ್ತಿತ್ತು. ಹತ್ತಿ ಬಿಡಿಸುವಾಗ, ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುವಾಗ, ಇದಕ್ಕೆ ಅವನು ಏನು ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಒಂದು ಮೇಳದ ಮುಂದಾಳು ಒಬ್ಬ ಮುಸಲ್ಮಾನ ಪಿಂಜಾರ. ಬಿಲ್ಲಿನ ತಂತಿ ಮಿಡಿದು ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಕಸಬು. ಐವತ್ತು ದಾಟಿದ್ದ, ತೆಳ್ಳಗಿದ್ದ, ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಇನ್ನೊಂದು ಮೇಳದ ಮುಂದಾಳು ಇಪ್ಪತ್ತು ಎಕರೆಯ ಒಬ್ಬ ಗೌಡ, ದಿನಾಲು ಲಿಂಗಪೂಜೆಯಾಗದೆ ನೀರು ಮುಟ್ಟದವನು. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಪದ ಕಲಿತವರು.

ನಾನು ಅಲ್ಲಿಗೆ ಹೋದ ಎರಡನೆಯ ವರ್ಷದ ಅಲಾವಿ. ಬಿಳಿಜೋಳ ಹಾಲುಗಾಳಿಗೆ ಬಂದು, ಹುಡುಗರು ಹಸಿ ತೆನೆ ಸುಟ್ಟ ಸೀತನಿ ತಿಂದು ಮುಖವೆಲ್ಲ ಕರಿ ಮಾಡಿಕೊಂಡು ನಿಂತಿದ್ದರು. ಕಾಕಾ ಮೊದಲು ಹಿಂದಿನ ವರ್ಷದ ಸವಾಲಿಗೆ ಜವಾಬು ಹೇಳಿ ತೀರಿಸಿದ. ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡು ಗೌಡನ ಕಡೆ ತಿರುಗಿದ.

"ಗೌಡಾ, ನಂದು ತೀರಿತು. ಇನ್ನ ನಿಂದು. ವರ್ಷತನಕ ನಿನಗ ನಿದ್ದಿ ಹತ್ತಬಾರದು, ಅಂಥಾದ್ದು ಹಾಕತೀನಿ ನೋಡ."

"ಹಾಕಲೇ. ನೀ ತುಂಬಿದ ಗಾದಿ ಮ್ಯಾಲ ಮಲಗಿದಾವಗ ಮೊದಲ ನಿದ್ದಿ ಎಲ್ಲಿ ಹತ್ತತೈತಿ? ಹತ್ತಿಗಿಂತ ಬೀಜನ ಹೆಚ್ಚ ಅದಾವು ಅದರಾಗ."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕಾಕಾ ಹಲಗಿಯವನಿಗೆ ಸನ್ನೆ ಮಾಡಿ, ಮೂರು ಹೆಜ್ಜೆ ಹಿಂದೆ ಹೋಗಿ, ಮೂರು ಹೆಜ್ಜೆ ಮುಂದೆ ಬಂದು ಎತ್ತಿಕೊಂಡ:

ಮೂರ ಕಣ್ಣ ಇದ್ದಾವಗ ಒಂದರೆ ಕಾಣಬೇಕಿಲ್ಲೇನ,
ಬಾಗಲಾಗ ನಿಂತ ಬಡವನ ಕೂಗ ಕೇಳಬೇಕಿಲ್ಲೇನ,
ಮನಿಮನಿ ತಿರುಗಿ ಬೇಡಿ ಉಣ್ಣಾಂವ ನಿನಗೇನ ಕೊಟ್ಟಾನ,
ಸುಡಗಾಡ ಕಾಯಾವನ ಮುಂದ ಯಾಕ ಅಡ್ಡ ಬೀಳತೀ ನೀನ?

ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ ಮುದುಕಿಯೊಬ್ಬಳು ಎಲ್ಲರಿಗಿಂತ ಮೊದಲು ಕೂಗಿದಳು: "ಈಗ ಹೇಳೋ ಗೌಡ! ಬಾಯಿ ಬಂದ್ ಆತೇನ?" ಗೌಡ ಹಣೆ ಬಡಿದುಕೊಂಡ ಹಾಗೆ ನಟಿಸಿದ. ಆಮೇಲೆ ಸುಮ್ಮನಾಗಿ ಹೋಗಿ, ಆರಿದ ಕುಣಿಯಿಂದ ಚಿಟಿಕೆ ಬೂದಿ ತೆಗೆದು ಹುಬ್ಬಿನ ನಡುವೆ ಇಟ್ಟುಕೊಂಡ. ಸವಾಲನ್ನು ಹೊತ್ತುಕೊಂಡೆ ಎಂಬುದಕ್ಕೆ ಅದು ಗುರುತು. ಇಬ್ಬರೂ ಒಂದೇ ತಂಬಿಗೆಯಿಂದ ಪಾನಕ ಕುಡಿದರು. ನಾನು ಮರದ ಬೇರಿನ ಮೇಲೆ ಕುಳಿತು ನಾಲ್ಕು ಸಾಲನ್ನೂ ಬರೆದುಕೊಂಡೆ. ಸಂಜೆ ಮನೆಗೆ ಹೋಗಿ ಚೊಕ್ಕ ಹಾಳೆಯ ಮೇಲೆ ಮತ್ತೊಮ್ಮೆ ಬರೆದೆ. ಆ ಪದ ನನಗೆ ಬಹಳ ಸೇರಿತ್ತು.

ನನಗೆ ಸೇರಿದ್ದೇ ತೊಂದರೆಯಾಯಿತು. ಮುಂದಿನ ಶನಿವಾರ ಮಾಸ್ತರರ ತಿಂಗಳ ಸಭೆ ತಾಲೂಕಿನ ಊರಿನಲ್ಲಿತ್ತು. ಆ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋದೆ. ಚಹಾದ ಹೊತ್ತಿನಲ್ಲಿ ನಾಲ್ಕೈದು ಜನರಿಗೆ ಓದಿ ತೋರಿಸಿದೆ. ಒಬ್ಬ ಸಹೋದ್ಯೋಗಿ, ನನಗಿಂತ ಎರಡು ವರ್ಷ ಹಿರಿಯ, ಹಾಳೆ ಇಸಿದುಕೊಂಡು ಕೆಳಗಿನ ವಿವರವನ್ನು ಎರಡು ಸಲ ಓದಿದ.

"ಹಾಡಿದಾಂವ ಪಿಂಜಾರ?"

"ಹೌದ್ರಿ. ಭಾಳ ಹುಷಾರ ಮನಶ್ಯಾ."

"ಒಂದ ನಾಕ ದಿನಕ್ಕ ಕೊಡ್ರಿ. ಬರಕೊಂಡ ಕೊಡತೀನಿ."

ಕೊಟ್ಟೆ. ಕೊಡುವಾಗ ಹೆಮ್ಮೆ ಇತ್ತು. ಹೆಮ್ಮೆಯೇ ಇತ್ತೆಂದು ಈಗ ಖಚಿತವಾಗಿ ಹೇಳಬಲ್ಲೆ. ಆ ಹೊತ್ತಿನಲ್ಲಿ ಅವನ ಮುಖದಲ್ಲಿ ಏನಾದರೂ ಕಂಡಿತೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಕಂಡಿರಲಿಲ್ಲ. ಅವನು ಹಾಳೆಯನ್ನು ಮಡಚುವಾಗ ಅಂಚಿಗೆ ಅಂಚು ಕೂಡಿಸಿ ಮಡಚಿದ್ದು ಮಾತ್ರ ನೆನಪಿದೆ.

ಎರಡು ವಾರದ ಮೇಲೆ, ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಸುತ್ತಿದ್ದಾಗ, ಶಾಲೆಯ ಮುಂದೆ ಜೀಪು ನಿಂತಿತು. ಕಾಕಾ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಯಾರದೋ ಮನೆಯಲ್ಲಿ ಗಾದಿ ಹಿಂಜುತ್ತಿದ್ದವನನ್ನು ಹಾಗೆಯೇ ಎಬ್ಬಿಸಿ ತಂದಿದ್ದರು, ತಲೆತುಂಬ ಹತ್ತಿ. ನನ್ನನ್ನು ನೋಡಿ, "ಮಾಸ್ತರ್ರನ್ನೂ ಕರಕೊಂಡ ಹೊಂಟ್ರೇನ್ರಿ? ಅವರೇನ ಮಾಡ್ಯಾರ ಪಾಪ," ಎಂದ. ನಾನು ಅವನ ಬಾಜು ಕುಳಿತೆ. ತಾಲೂಕಿನ ಠಾಣೆ ಎಂಟು ಮೈಲಿ.

ದೂರು ಕೊಟ್ಟವರು ತಾಲೂಕಿನ ಊರಿನ ಐವರು ತರುಣರು. ಹೊಸದಾಗಿ ಧರ್ಮ ಕಾಯುವ ಒಂದು ಮಂಡಳಿ ಕಟ್ಟಿಕೊಂಡಿದ್ದರು. ಅವರಲ್ಲಿ ಒಬ್ಬನೂ ನಮ್ಮ ಊರಿನ ಅಲಾವಿಯನ್ನು ನೋಡಿದವನಲ್ಲ. ನನ್ನ ಸಹೋದ್ಯೋಗಿ ದೂರಿನಲ್ಲಿ ಇರಲಿಲ್ಲ, ಅವನು ಕೊಟ್ಟ ಹಾಳೆ ಇತ್ತು. ಬೇರೆಯವರ ಧರ್ಮದ ಭಾವನೆಯನ್ನು ನೋಯಿಸಬೇಕೆಂದೇ ಆಡಿದ ಮಾತು ಎಂಬುದು ಆರೋಪ. ಅದಕ್ಕೆ ಒಂದು ವರ್ಷದವರೆಗೆ ಸಜೆ ಇದೆ ಎಂದು ಠಾಣೆಯ ಫೌಜದಾರರು ತಿಳಿಸಿದರು. ಅವರು ಗದರುವ ಮನುಷ್ಯರಲ್ಲ. ನಿದ್ದೆಗೆಟ್ಟವರ ಹಾಗೆ ಕಣ್ಣು ಉಜ್ಜಿಕೊಳ್ಳುತ್ತ ನನ್ನ ಜಬಾನಿ ಹೇಳಿಕೆ ಬರೆದುಕೊಂಡರು.

"ಈ ಅಕ್ಷರ ನಿಮ್ಮದ?"

"ಹೌದ್ರಿ."

"ಹಾಡಿದಾಂವ ಇವನ?"

"ಹೌದ್ರಿ. ಆದ್ರ ಅದು ಸವಾಲ್ರಿ. ಅದರ ಜವಾಬು ಬರೂ ವರ್ಷ…"

"ಮಾಸ್ತರ್ರ, ಕೇಳಿದ್ದಕ್ಕ ಅಷ್ಟ ಹೇಳ್ರಿ. ಈ ನಾಕ ಸಾಲಿನಾಗ ಒಂದ ಅಕ್ಷರ ನೀವು ಕೂಡಿಸಿದ್ದು, ತಗದದ್ದು ಐತೇನು?"

"ಇಲ್ರಿ."

ಇಲ್ಲ ಎಂದು ಹೇಳುವಾಗ ನನ್ನ ದನಿ ಗಟ್ಟಿಯಾಗಿತ್ತು. ನನ್ನ ಬರಹ ಬರೋಬ್ಬರಿ ಇದೆ ಎಂದು ಸಾಧಿಸುವ ಚಪಲ ಅಲ್ಲಿಯೂ ಬಿಟ್ಟಿರಲಿಲ್ಲ. ಆ ಅಭ್ಯಾಸವನ್ನು ನೆನೆದರೆ ಈಗಲೂ ಕುಳಿತಲ್ಲಿ ಕೂಡ್ರಲು ಆಗುವುದಿಲ್ಲ, ಎದ್ದು ಎರಡು ಸುತ್ತು ತಿರುಗಿ ಬರುತ್ತೇನೆ. ಕೂಡಿಸಿದ್ದೇನೆ ಸಾಹೇಬರೇ, ಅರ್ಧ ನಾನೇ ಕಟ್ಟಿದ್ದೇನೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. ಹೊಳೆದಿದ್ದರೆ ಹೇಳುತ್ತಿದ್ದೆನೇ? ನೌಕರಿ ಖಾಯಂ ಆಗಿರಲಿಲ್ಲ. ಸಹಿ ಮಾಡಿದೆ. ನನ್ನನ್ನು ಹೋಗಲು ಬಿಟ್ಟರು. ಕಾಕಾನನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹೊರಗೆ ಬರುವಾಗ ಅವನು, "ಮನ್ಯಾಗ ಹೇಳ್ರಿ, ಬಿಲ್ಲ ಅಲ್ಲೇ ಬಿಟ್ಟ ಬಂದೀನಿ, ತಂತಿ ಸಡಲ ಮಾಡಿ ಇಡ್ರಿ ಅಂತ," ಎಂದ.

ಹೇಳಲು ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಜೀಪಿನ ಸುದ್ದಿ, ಹಾಳೆಯ ಸುದ್ದಿ ನನಗಿಂತ ಮೊದಲು ತಲುಪಿತ್ತು. ಬಿಲ್ಲಿನ ಮಾತನ್ನು ಕೇಳಿಕೊಂಡಳು. ಆಮೇಲೆ ಮೆಲ್ಲಗೆ, "ನಿಮ್ಮ ಅಕ್ಷರ ಭಾಳ ಛಂದ ಅಂತಾರಲ್ರಿ ಎಲ್ಲಾರೂ. ಅದ್ಕ ಅವರಿಗೆ ಲಗೂನ ಓದಾಕ ಬಂತ ನೋಡ್ರಿ," ಎಂದಳು. ನನಗೆ ಕೂಡ್ರಲು ಹೇಳಲಿಲ್ಲ.

ಅಲ್ಲಿಂದ ಗೌಡನ ಮನೆಗೆ ಹೋದೆ. ಅವನು ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ಠಾಣೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕೈ ನಿಲ್ಲಿಸಿ ಕೇಳಿದ:

"ಹಾಳಿ ಮ್ಯಾಲ ಅವನ ಹೆಸರು ಯಾರ ಬರದದ್ದು?"

"ನಾನ್ರಿ. ಹಾಡಿದಾಂವ ಅವನ ಅಲ್ರಿ?"

"ಹಾಡಿದಾಂವ ಅವನ. ಕಟ್ಟಿದಾಂವ ನಾನು."

ನನಗೆ ತಿಳಿಯಲಿಲ್ಲ. ಅವನು ಸಿಟ್ಟಿನಿಂದ, ದಡ್ಡ ಹುಡುಗನಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಅವರ ಗುರು ಹಾಕಿಕೊಟ್ಟ ಕಟ್ಟು ಅದು. ಎದುರಿನವನ ದೇವರನ್ನು ಕುರಿತು ಸವಾಲು ಕಟ್ಟುವ ಹಾಗಿಲ್ಲ. ತನ್ನ ದೇವರ ಮೇಲಿನ ಸವಾಲನ್ನು ತಾನೇ ಕಟ್ಟಬೇಕು, ಕಟ್ಟಿ ಎದುರಿನವನ ಬಾಯಿಗೆ ಕೊಡಬೇಕು. ಎದುರಿನವನು ಊರ ಮುಂದೆ ಅದನ್ನು ತನ್ನದೇ ಎಂಬ ಹಾಗೆ ಹಾಡಬೇಕು. ಅಲಾವಿಗೆ ಹದಿನೈದು ದಿನ ಮೊದಲು ಗೌಡನ ಹತ್ತಿಕೋಣೆಯಲ್ಲಿ ಇಬ್ಬರೂ ಕುಳಿತು ಒಬ್ಬರ ಪದ ಒಬ್ಬರು ಬಾಯಿಪಾಠ ಮಾಡುತ್ತಿದ್ದರು. ಇಪ್ಪತ್ತು ವರ್ಷದಿಂದ ಊರಿನಲ್ಲಿ ಇದು ಇಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ.

"ಯಾಕ ಹಂಗ?" ಎಂದೆ.

"ನನ್ನ ದೇವರ ಮ್ಯಾಲ ನನಗಿರೂ ಸಂಶೇ ಅವನಿಗೆ ಹೆಂಗ ಗೊತ್ತಾಗಬೇಕ್ರಿ? ಅಂವ ಕಟ್ಟಿದ್ರ ಬರೇ ಬೈಗಳ ಆಕ್ಕಾವು. ನಾ ಕಟ್ಟಿದ್ರ ಖರೇ ಸವಾಲ ಆಕ್ಕೈತಿ. ನಾನ ಹಾಡಿದ್ರ ಮತ್ತ ನನಗ ಜವಾಬ ಹೇಳೂ ಹಟಾ ಎಲ್ಲಿಂದ ಬರಬೇಕು? ಅದಕ್ಕ ಅವನ ಬಾಯಿ ಬೇಕು."

ಆಮೇಲೆ ಅವನು ಎತ್ತನ್ನು ಕಟ್ಟಿ, ಕೈ ತೊಳೆದು, ರುಮಾಲು ಸುತ್ತಿಕೊಂಡು ಹೊರಟ. ಸಂಜೆಯ ಬಸ್ಸಿಗೆ ಇಬ್ಬರೂ ಹೋದೆವು. ದಾರಿಯಲ್ಲಿ ಒಂದೇ ಮಾತು ಆಡಿದ: "ಬರಕೋಬ್ಯಾಡ್ರಿ ಅಂತ ನಿಮಗ ನಾವು ಹೇಳಬೇಕಾಗಿತ್ತು. ಮಾಸ್ತರ್ರು ಅದಾರ, ತಿಳೀತೈತಿ ಅಂತ ಬಿಟ್ಟಿವಿ."

ಫೌಜದಾರರು ಗೌಡನಿಗೆ ಕುರ್ಚಿ ಹಾಕಿಸಿದರು. ಅವನು ಕೂಡ್ರಲಿಲ್ಲ. ಪದ ತನ್ನದು, ಕೇಸು ಹಾಕುವುದಾದರೆ ತನ್ನ ಮೇಲೆ ಹಾಕಿ ಎಂದ. ಫೌಜದಾರರು ಬಹಳ ಹೊತ್ತು ಅವನ ಮುಖ ನೋಡಿದರು, ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ.

"ಗೌಡ್ರ, ನೀವು ಲಿಂಗವಂತ್ರು. ನಿಮ್ಮ ದೇವರನ್ನ ನೀವು ಬೈದ್ರಿ ಅಂತ ನಾ ಬರಕೊಂಡ್ರ ಯಾರ ಮನಸಿಗೆ ನೋವಾತು ಅಂತ ಬರೀಲಿ? ಹೊರಗ ನಿಂತಾವಲ್ಲ ಆ ಐದೂ ಹುಡುಗೂರು, ಅವರ ನಿಮ್ಮ ಕಾಲ ಮುಟ್ಟಿ ಹೊಕ್ಕಾರ, ಎಂಥಾ ಭಕ್ತಿ ಅಂತ. ಅಂವ ಅಂದ್ರ ಕೇಸು."

"ಮಾತ ಅದ ಐತಲ್ರಿ? ಒಂದ ಅಕ್ಷರ ಬ್ಯಾರೆ ಐತೇನು?"

"ಮಾತ ಅದ ಐತಿ. ಬಾಯಿ ಬ್ಯಾರೆ."

ಗೋಡೆಯ ಬದಿಯಿಂದ ಕಾಕಾ ಹೇಳಿದ, "ಗೌಡಾ, ನೀ ಯಾಕ ಬಂದಿ? ನಮ್ಮ ಗುಟ್ಟ ಎಲ್ಲಾ ಹೊರಗ ಹಾಕಿದೇನಲೇ?" ಅವನ ದನಿಯಲ್ಲಿ ಜೀಪಿನಲ್ಲಿ ಇರದಿದ್ದ ಅಂಜಿಕೆ ಆಗ ಇತ್ತು. ಅಲ್ಲಿಯವರೆಗೆ ಅವನು ಸಜೆಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಗೌಡ ಜಾಮೀನು ನಿಂತ. ಮರುದಿನ ಮಧ್ಯಾಹ್ನ ಕಾಕಾನನ್ನು ಬಿಟ್ಟರು. ದೂರು ಹಾಗೆಯೇ ಉಳಿಯಿತು.

ಮುಂದಿನ ಒಂದು ತಿಂಗಳು ಊರಿನಲ್ಲಿ ಯಾರೂ ಯಾರಿಗೂ ಏನೂ ಮಾಡಲಿಲ್ಲ. ಇದನ್ನು ಸರಿಯಾಗಿ ಹೇಳುವುದು ಕಷ್ಟ. ಕಲ್ಲು ಬೀಳಲಿಲ್ಲ, ಬೈಗುಳ ಕೇಳಲಿಲ್ಲ. ಕಾಕಾನನ್ನು ಗಾದಿ ಹಿಂಜಲು ಕರೆಯುವುದನ್ನು ಮಾತ್ರ ಒಬ್ಬೊಬ್ಬರಾಗಿ ಬಿಟ್ಟರು. ತಾಲೂಕಿನ ಊರಿನಿಂದ ತರುಣರು ಎರಡು ಸಲ ಸೈಕಲ್ ಮೇಲೆ ಬಂದು ಮಠದ ಕಟ್ಟೆಯ ಮೇಲೆ ಕುಳಿತು ಹೋಗಿದ್ದರು, ಅಷ್ಟೇ. ಮೂರು ಬೆರಳು ವಿಭೂತಿಯ ಆ ಮುದುಕಿಯನ್ನು ದಾರಿಯಲ್ಲಿ ಕಂಡು ಕೇಳಿದೆ, ಮುಂದೆ ಬೇಕಾದರೆ ಆ ದಿನ ನಡೆದದ್ದನ್ನು ಠಾಣೆಗೆ ಬಂದು ಹೇಳುವೆಯಾ ಎಂದು. "ಯಾವ ಪದಾನೋ ಯಪ್ಪಾ, ನನಗ ಕಿವಿ ಕೇಳಂಗಿಲ್ಲ," ಎಂದಳು. ಆ ದಿನ ಅವಳು ಇಡೀ ಊರಿನಲ್ಲಿ ಮೊದಲು ಕೂಗಿದವಳು.

ಕಾಕಾನ ಕಡೆಯವರೂ ಅವನನ್ನು ಕೈಬಿಟ್ಟರು. ಹುಬ್ಬಳ್ಳಿಯ ಕಡೆಯಿಂದ ಅವನ ಜಮಾತಿನ ಇಬ್ಬರು ಹಿರಿಯರು ಬಂದು ಅವನ ಮನೆಯ ಪಡಸಾಲೆಯಲ್ಲಿ ಕುಳಿತರು. ನಾನು ಅಂಗಳದಲ್ಲಿದ್ದೆ. ಪಂಜಾದ ಮುಂದೆ ಕುಣಿಯುವುದು, ಪದ ಹಾಡುವುದು ನಮ್ಮ ಧರ್ಮದಲ್ಲಿಯೇ ಇಲ್ಲ, ಮೊದಲು ಅದನ್ನು ಬಿಡು, ಆಮೇಲೆ ನಿನ್ನ ಬೆನ್ನಿಗೆ ನಿಲ್ಲುವ ಮಾತು ಎಂದರು. ಕಾಕಾ, "ನಮ್ಮ ಅಪ್ಪನೂ ಹಾಡತಿದ್ನಲ್ರಿ," ಎಂದ. "ತಪ್ಪು ಅವನೂ ಮಾಡಿದ," ಎಂದರು. ಯಮನೂರಿನ ದರ್ಗಾಕ್ಕೆ ಎರಡೂ ಕಡೆಯವರು ಹೋಗುತ್ತಾರಲ್ಲ, ಅದೂ ತಪ್ಪೇ ಎಂದು ಕಾಕಾ ಕೇಳಿದ. ಹಿರಿಯರು ಚಹಾ ಕುಡಿಯದೆ ಎದ್ದರು.

ಕೊನೆಗೆ ದಾರಿ ತೋರಿಸಿದವರು ಫೌಜದಾರರೇ. ಕಾಕಾ ಮಾಫಿ ಬರೆದುಕೊಟ್ಟರೆ ತರುಣರು ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಸಜೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಒಂದು ಮುಂಜಾನೆ ಎಲ್ಲರೂ ಠಾಣೆಯಲ್ಲಿ ಕೂಡಿದೆವು. ಐವರು ತರುಣರು, ಹುಬ್ಬಳ್ಳಿ ಕಡೆಯ ಇಬ್ಬರು ಹಿರಿಯರು, ಕಾಕಾ, ಗೌಡ. ನನ್ನನ್ನು ಕರೆಸಿದ್ದು ಬರೆಯಲಿಕ್ಕೆ.

"ಮಾಸ್ತರ್ರ ಅಕ್ಷರ ಛಲೋ ಐತಿ," ಎಂದು ಫೌಜದಾರರು ಕಾಗದ ಸರಿಸಿದರು.

ಅವರು ಹೇಳಿದಂತೆ ಬರೆದೆ. ತಿಳಿಯದೆ ಆದ ತಪ್ಪು ಎಂದು ಬರೆದೆ. ಕ್ಷಮೆ ಕೋರುತ್ತೇನೆ ಎಂದು ಬರೆದೆ. ಆಗ ತರುಣರಲ್ಲಿ ಮುಂದಾಳಾದವನು, ಹದವಾಗಿ ಮಾತಾಡುವ, ಚೆನ್ನಾಗಿ ಓದಿದ ಹುಡುಗ, ಇಷ್ಟೇ ಸಾಲದು ಎಂದ. "ಇನ್ನು ಮುಂದೆ ಹಿಂದೂ ದೇವರ ಮೇಲೆ ಯಾವ ಪದವನ್ನೂ ಹಾಡುವುದಿಲ್ಲ ಎಂದು ಬರೆಯಿರಿ."

ಬರೆದೆ. ಹಿರಿಯರಲ್ಲಿ ಒಬ್ಬರು ಬಗ್ಗಿ ನೋಡಿ, "ಹಿಂದೂ ದೇವರು ಅಂತ ಯಾಕ್ರಿ? ಯಾವ ದೇವರದೂ ಹಾಡೂದಿಲ್ಲ ಅಂತನ ಬರೀರಿ. ಅಲಾವಿ ಪದಾನೂ ಬ್ಯಾಡ. ತಂಟೆನ ಹರೀಲಿ," ಎಂದರು.

"ಅದೂ ಛಲೋ," ಎಂದ ತರುಣ.

ಆ ಇಡೀ ತಿಂಗಳಲ್ಲಿ ಎರಡೂ ಕಡೆಯವರು ಒಪ್ಪಿದ ಮಾತು ಅದೊಂದೇ. ನಾನು 'ಹಿಂದೂ' ಎಂಬುದನ್ನು ಹೊಡೆದುಹಾಕಿ ಮೇಲೆ 'ಯಾವುದೇ' ಎಂದು ತಿದ್ದಿದೆ. ಫೌಜದಾರರು ಹೊಡೆದುಹಾಕಿದ್ದು ಬೇಡ, ಹೊಸ ಹಾಳೆಯಲ್ಲಿ ಚೊಕ್ಕ ಬರೆಯಿರಿ ಎಂದರು. ಮತ್ತೆ ಮೊದಲಿನಿಂದ ಬರೆಯತೊಡಗಿದೆ. ಕಾಕಾ ಬಗ್ಗಿ ನನ್ನ ಲೇಖನಿಯನ್ನೇ ನೋಡುತ್ತಿದ್ದ.

"ಯಾವ ದೇವರೂ ಅಂದ್ರ, ನನ್ನ ದೇವರೂ ಬಂತಲ್ರಿ ಸರ?"

ನಾನು ಫೌಜದಾರರ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತ, "ಬರೀರಿ," ಎಂದರು.

"ಮನ್ಯಾಗ, ಒಬ್ಬನ ಕುಂತು ಹಾಡಿದ್ರ?"

"ಕಾಕಾ, ಸಹಿ ಮಾಡು," ಎಂದು ನಾನೇ ಹೇಳಿದೆ. ಹೀಗೆ ಹೇಳಿದೆನೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವನಿಗೆ ಸಜೆ ತಪ್ಪಲಿ ಎಂಬ ಕಾಳಜಿ ಇತ್ತು, ಸುಳ್ಳಲ್ಲ. ಆದರೆ ಬೇಗ ಮುಗಿದು ನಾನು ಆ ಕೋಣೆಯಿಂದ ಹೊರಗೆ ಬೀಳಬೇಕಾಗಿತ್ತು, ಅದೂ ಸುಳ್ಳಲ್ಲ. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ತೂಗಲು ಹೋದಾಗಲೆಲ್ಲ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಕಾಕಾನಿಗೆ ಅಷ್ಟಿಷ್ಟು ಓದುಬರಹ ಬರುತ್ತಿತ್ತು. ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದ. ಗೌಡ ಅಷ್ಟರಲ್ಲಿ ಎದ್ದು ಹೊರಗೆ ಹೋಗಿದ್ದ.

ಕಾಕಾ ಕೊಟ್ಟ ಮಾತನ್ನು ಮುರಿಯಲಿಲ್ಲ. ಮುಂದಿನ ಅಲಾವಿಗೆ ಅವನು ಹೆಂಡತಿಯನ್ನು ಕರೆದುಕೊಂಡು ಅಣ್ಣಿಗೇರಿಯ ಬೀಗರ ಮನೆಗೆ ಹೋಗಿಬಿಟ್ಟ. ಕುಣಿ ತೋಡಿದರು, ಪಂಜಾ ಎದ್ದವು, ಹಲಗಿ ಬಡಿದರು. ಬೇವಿನ ಮರದ ಕೆಳಗೆ ಎರಡು ಮೇಳದವರೂ ಎದುರು ಬದುರು ನಿಂತು ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ ಹಾಕಿದರು. ಯಾರೂ ಬಾಯಿ ತೆರೆಯಲಿಲ್ಲ. ಗೌಡ ಬರಲಿಲ್ಲ. ಜವಾಬು ಕೇಳಲೆಂದು ಪಕ್ಕದ ಊರುಗಳಿಂದ ಬಂದವರು ಸ್ವಲ್ಪ ಹೊತ್ತು ನಿಂತು ತಮ್ಮ ಚಕ್ಕಡಿಗಳ ಕಡೆ ನಡೆದರು.

ಆ ವರ್ಷದ ಬೇಸಿಗೆಯ ಹೊತ್ತಿಗೆ ತುರ್ತು ಪರಿಸ್ಥಿತಿ ಹೋಗಿತ್ತು. ಚುನಾವಣೆ ಮುಗಿದಿತ್ತು. ಇನ್ನು ಯಾರು ಏನು ಬೇಕಾದರೂ ಮಾತಾಡಬಹುದು ಎಂದು ಪತ್ರಿಕೆಗಳು ದಿನಾಲು ಬರೆಯುತ್ತಿದ್ದವು. ನನ್ನ ನೌಕರಿ ಖಾಯಂ ಆಗಿ, ಕಲಘಟಗಿ ಕಡೆಗೆ ವರ್ಗವೂ ಆಯಿತು. ಹೊರಡುವ ಮೊದಲು ಗೌಡನನ್ನು ಕಾಣಬೇಕೆಂದು ಹೊಲಕ್ಕೆ ಹೋದೆ. ಕೈ ಹೋಗುವಷ್ಟು ಅಗಲ ಬಿರಿದ ಎರೆಭೂಮಿ. ಅವನು ಒಬ್ಬನೇ ಗುದ್ದಲಿ ಹಿಡಿದು ಕರಿಕೆಯ ಬೇರು ಅಗೆಯುತ್ತಿದ್ದ. ಗೇಣುದ್ದದ ಬೇರುಗಳನ್ನು ಜಾಡಿಸಿ ಬದುವಿನ ಮೇಲೆ ಗುಡ್ಡೆ ಹಾಕಿದ್ದ. ನನ್ನನ್ನು ನೋಡಿ ನೀರಿನ ಗಡಿಗೆ ತೋರಿಸಿದ.

ಕುಡಿದು, ಒಂದಷ್ಟು ಹೊತ್ತು ಅದು ಇದು ಮಾತಾಡಿ, ಕೊನೆಗೆ ಕೇಳಿದೆ:

"ಗೌಡ್ರ, ಆ ಜವಾಬು ಕಟ್ಟಿದ್ರೇನ್ರಿ?"

"ಕಟ್ಟೀನಿ. ಹದಿನಾರ ನುಡಿ ಆಗ್ಯಾವು."

"ನನಗರೆ ಹೇಳ್ರಿ. ಬರಕೊಳ್ಳೂದಿಲ್ಲ. ಬರೇ ಕೇಳತೀನಿ."

ಅವನು ಗುದ್ದಲಿಯನ್ನು ನೆಲಕ್ಕೆ ಊರಿ ನಿಂತ.

"ಕಾಕಾಗೂ ಹೇಳಿಲ್ಲ ಮಾಸ್ತರ್ರ. ಹೆಂಗ ಹೇಳ್ಲಿ? ಜವಾಬಿನ ಮುಂದ ಸವಾಲ ಮತ್ತೊಮ್ಮೆ ಯಾರರೆ ಎದುರ ನಿಂತು ಹಾಕಬೇಕಲ್ಲ. ಅಂವ ಹಾಕೂ ಹಂಗಿಲ್ಲ, ಬರಕೊಟ್ಟಾನ. ಜವಾಬ ಅಂದ್ರ ನಾ ಒಬ್ಬನ ಕುಂತ ವಟಗುಟ್ಟೂದಲ್ಲ."

"ನಾ ಹಾಕತೀನ್ರಿ ಸವಾಲ."

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಗಲಿಲ್ಲ. ರುಮಾಲು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ, ಬೇವಿನ ಮರದ ಕೆಳಗೆ ಸುತ್ತಿಕೊಳ್ಳುತ್ತಿದ್ದ ಹಾಗೆ.

"ಹಾಕ್ರಿ. ಅಗದಿ ದನಿ ಎತ್ತಿ ಹಾಕ್ರಿ. ಅಲ್ಲಿ ಹಾದ್ಯಾಗ ಹೋಗೂ ಮಂದಿಗೂ ಕೇಳಬೇಕು. ನಾಕೂ ಸಾಲ ಹಾಡಿದ್ರಂದ್ರ ಹದಿನಾರೂ ನುಡಿ ಹೇಳತೀನಿ."

ನಾಲ್ಕು ಸಾಲೂ ನನಗೆ ಬಾಯಿಪಾಠ ಇದ್ದವು. ಆ ಹೊಲದಲ್ಲಿ ನಾವಿಬ್ಬರ ಹೊರತು ಯಾರೂ ಇರಲಿಲ್ಲ. ಅರ್ಧ ಮೈಲಿ ಆಚೆ, ಮೊರಬದ ಹಾದಿಯಲ್ಲಿ ಒಂದು ಚಕ್ಕಡಿ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದರಲ್ಲಿ ಎಷ್ಟು ಜನ ಇದ್ದಾರೆ, ನಮ್ಮ ಊರಿನವರೋ ಬೇರೆಯವರೋ ಎಂದು ನಾನು ತಿರುಗಿ ನೋಡಿದೆ. ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನೋಡಿದೆ.

ಗೌಡ ಅದನ್ನು ಕಂಡ.

"ನೋಡ್ರಿ," ಎಂದ, ಬಹಳ ಸಮಾಧಾನದಿಂದ. "ಮೊದಲ ಹೊಳ್ಳಿ ನೋಡಿದ್ರಿ."

ಚಕ್ಕಡಿ ದಾಟಿ ಹೋಗಲಿ ಎಂದು ಇಬ್ಬರೂ ಕಾದೆವು. ಅದು ದಾಟಿ ಹೋಯಿತು. ಹಾದಿ ಬರಿದಾಯಿತು. ಆಗಲೂ ನನಗೆ ದನಿ ಏಳಲಿಲ್ಲ. ಗೌಡ ಇನ್ನೂ ಸ್ವಲ್ಪ ಹೊತ್ತು ರುಮಾಲಿನ ತುದಿ ಹಿಡಿದು ನಿಂತಿದ್ದ, ಆಮೇಲೆ ಬಗ್ಗಿ ಗುದ್ದಲಿ ಎತ್ತಿಕೊಂಡ.